ಕರದಂಟು ತಿನ್ನಿ, ಬೀಡಿ ಬಿಡಿ

ಗೋಕಾಕದ ಕರದಂಟಿನಲ್ಲಿ ವಿಕಿರಣವಿದೆ ಎಂದು ಮಮದಾಪುರ ಹಳ್ಳಿಯ ಕಟ್ಟೆಯ ಮೇಲೆ ಕೂತು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಇರುವುದು ನಿಜ. ಉತ್ತತ್ತಿ, ಗೋಡಂಬಿ, ಬೆಲ್ಲ ಎಲ್ಲದರಲ್ಲೂ ಪೊಟ್ಯಾಸಿಯಂ ಇದೆ. ಅದರ ಅತಿ ಸಣ್ಣ ಪಾಲಾದ ಪೊಟ್ಯಾಸಿಯಂ-40 ಭೂಮಿ ಹುಟ್ಟಿದಾಗಿನಿಂದಲೂ ವಿಕಿರಣ ಸೂಸುತ್ತಿದೆ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ಒಡೆಯುತ್ತವೆ. ಜೋಳದ ರೊಟ್ಟಿ, ಕಾಳುಪಲ್ಯ, ಮೊಸರು ಯಾವುದೂ ಹೊರತಲ್ಲ. ಹಾಗಂತ ಹೆದರಬೇಕಿಲ್ಲ. ದೇಹ ತನಗೆ ಬೇಕಾದಷ್ಟು ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದನ್ನು ಹೊರಹಾಕುತ್ತದೆ. ಕರದಂಟು ಎರಡು ತುಂಡು ಹೆಚ್ಚಾದರೆ ಏರುವುದು ಸಕ್ಕರೆ, ವಿಕಿರಣವಲ್ಲ.

ಜಗತ್ತಿನ ಸರಾಸರಿ ಮನುಷ್ಯನಿಗೆ ನಿಸರ್ಗದಿಂದ ವರ್ಷಕ್ಕೆ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಅನ್ನ-ನೀರಿನ ಪಾಲು ಸುಮಾರು 0.3 ಮಾತ್ರ.

ಕರಾವಳಿಯ ಊಟ, ಮೀನುಗಳಲ್ಲಿನ ವಿಕಿರಣವನ್ನು ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಹಳ ಹಿಂದಿನಿಂದ ಅಳೆಯುತ್ತ ಬಂದಿದ್ದಾರೆ. ಪೊಟ್ಯಾಸಿಯಂ ಅಳೆಯುವುದು ಸುಲಭ: ಆಹಾರವನ್ನು ಒಣಗಿಸಿ, ಬೂದಿ ಮಾಡಿ, ಸೀಸದ ಗೋಡೆಯೊಳಗಿನ ಡಿಟೆಕ್ಟರ್ ಮುಂದೆ ಗಂಟೆಗಟ್ಟಲೆ ಇಡುತ್ತಾರೆ. ಮೀನಿನಲ್ಲಿ ಸೇರಿಕೊಳ್ಳುವ ವಿಕಿರಣಶೀಲ ಪೊಲೋನಿಯಂ-210 ಈ ದಾರಿಗೆ ಬರುವುದಿಲ್ಲ. ಸುಟ್ಟರೆ ಅದು ಆವಿಯಾಗಿ ಹಾರಿಹೋಗುತ್ತದೆ. ಆದ್ದರಿಂದ ಮೀನನ್ನು ಆಮ್ಲದಲ್ಲಿ ಕರಗಿಸಿ, ಪೊಲೋನಿಯಂ ಅನ್ನು ಬೆಳ್ಳಿಯ ಬಿಲ್ಲೆಯ ಮೇಲೆ ಕೂರಿಸಿ ಎಣಿಸಬೇಕು.

ಪ್ರಯೋಗಾಲಯದವರಿಗೆ ತಲೆನೋವಾದ, ಸುಟ್ಟರೆ ಆವಿಯಾಗುವ ಈ ಗುಣವೇ ಬೀಡಿ ಸೇದುವವರಿಗೆ ಕಂಟಕ. ತಂಬಾಕಿನ ಎಲೆಯಲ್ಲೂ ಪೊಲೋನಿಯಂ ಇದೆ. ಕಿಡಿ ತಾಗಿದೊಡನೆ ಹೊಗೆಯೇರಿ ನೇರ ಪುಪ್ಪುಸಕ್ಕೆ ಇಳಿಯುತ್ತದೆ. ಹಾರ್ವರ್ಡ್‌ನ ರ‍್ಯಾಡ್‌ಫರ್ಡ್ ಮತ್ತು ಹಂಟ್ 1964ರಲ್ಲೇ ಇದನ್ನು ಬರೆದರು. ನಮ್ಮ ಜಿಲ್ಲೆಯ ನಿಪ್ಪಾಣಿ ಬೆಳೆದದ್ದೇ ತಂಬಾಕಿನ ಪೇಟೆಯಾಗಿ. ಅಲ್ಲಿ ಈ ಮಾತು ಯಾರಿಗೂ ರುಚಿಸಲಾರದು. ವಿಕಿರಣ ಎಂದಕೂಡಲೇ ಕೈಗಾ ಅಣುಸ್ಥಾವರದತ್ತ ಬೆರಳು ತೋರಿಸುವ ನಾವು ಕೈಯಲ್ಲಿನ ಬೀಡಿಯನ್ನು ಮಾತ್ರ ನೋಡುವುದಿಲ್ಲ.

ನನ್ನ ದೃಷ್ಟಿಯಲ್ಲಿ ತಟ್ಟೆಯ ಊಟಕ್ಕಿಂತ ಮೊದಲು ಕೊಡದ ನೀರಿಗೆ ಪರೀಕ್ಷೆ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯವರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57ರಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. ಅದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಇಲ್ಲಿ ವಿಕಿರಣಕ್ಕಿಂತ ಮೊದಲು ಮೂತ್ರಪಿಂಡಕ್ಕೆ ಲೋಹದ ವಿಷವೇ ತಟ್ಟುತ್ತದೆ. ಕುದಿಸಿದರೂ ಹೋಗುವುದಿಲ್ಲ. ನೆಲದಡಿಯ ಬಂಡೆ ಎಲ್ಲೆಡೆ ಒಂದೇ ಅಲ್ಲ: ಪೂರ್ವದ ಕೋಲಾರದ ಕಡೆ ಗ್ರಾನೈಟ್. ಗೋಕಾಕ ಸೀಮೆಯಲ್ಲಿ ಮರಳುಗಲ್ಲು, ಬಸಾಲ್ಟ್. ಅಲ್ಲಿನ ಅಂಕಿ ಹಿಡಿದು ಇಲ್ಲಿ ಹೆದರುವುದೂ ತಪ್ಪು, ನಿಶ್ಚಿಂತರಾಗುವುದೂ ತಪ್ಪು. ಗೋಕಾಕ, ಮೂಡಲಗಿ, ಹುಕ್ಕೇರಿಯ ಪಂಚಾಯಿತಿಗಳು ಬೋರ್‌ವೆಲ್ ನೀರಿನ ವರದಿಯಲ್ಲಿ ಫ್ಲೋರೈಡ್ ಜೊತೆಗೆ ಯುರೇನಿಯಂ ಲೆಕ್ಕವನ್ನೂ ಕೇಳಲಿ. ಫ್ಲೋರಿಮೀಟರ್ ಎಂಬ ಯಂತ್ರಕ್ಕೆ ಕೆಲವು ಮಿಲಿಲೀಟರ್ ನೀರು ಸಾಕು, ಉತ್ತರ ನಿಮಿಷಗಳಲ್ಲಿ ಬರುತ್ತದೆ.