ಪ್ಲೈವುಡ್ ಎಂದು ಮೂದಲಿಸುವ ಮುನ್ನ

ನನ್ನದು ಲ್ಯಾಮಿನೇಟ್ ಉಕುಲೇಲೆ. ಎಸ್ಸೆಸ್ಸೆಲ್ಸಿ ಪಾಸಾದಾಗ ದುಬೈಯಲ್ಲಿರುವ ಮಾಮ ಕೊಡಿಸಿದ್ದು. ಕಳೆದ ವರ್ಷ ಕಾಲೇಜಿನ ಪ್ರತಿಭಾ ದಿನಕ್ಕೆ ತಂದಾಗ ಒಬ್ಬ ಸೀನಿಯರ್ ಅದನ್ನು ಬೆರಳಿನಿಂದ ಬಡಿದು ನೋಡಿ, "ಇದು ಪ್ಲೈವುಡ್ ಡಬ್ಬ ಮಾರಾಯ, ಸಾಲಿಡ್ ವುಡ್ ತಗೊ" ಎಂದರು. ಅಂದು ನಾನು ವೇದಿಕೆ ಹತ್ತಲಿಲ್ಲ. ಮನೆಗೆ ಬಂದು ಅಬ್ಬನ ಹತ್ತಿರ ಹೊಸದು ಬೇಕೆಂದು ಕೇಳಿದೆ. ಬೆಲೆ ಕೇಳಿದ ಅಬ್ಬ ಏನೂ ಹೇಳದೆ ಅಂಗಡಿಯ ಲೆಕ್ಕದ ಪುಸ್ತಕ ತಿರುವಿ ಹಾಕತೊಡಗಿದರು. ಬೈದಿದ್ದರೇ ವಾಸಿಯಿತ್ತು.

ಸೀನಿಯರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. 1879ರಲ್ಲಿ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆಂದು ಹವಾಯಿಗೆ ಬಂದ ಪೋರ್ಚುಗೀಸರಲ್ಲಿ ಮೂವರು ಮರಗೆಲಸದವರಿದ್ದರು. ತಮ್ಮೂರಿನ ಪುಟ್ಟ ಗಿಟಾರಿನ ಮಾದರಿಯಲ್ಲಿ ಅವರು ಮಾಡತೊಡಗಿದ ವಾದ್ಯವೇ ಉಕುಲೇಲೆ. ಅಲ್ಲಿನ ಕೋವಾ ಮರದ ಇಡೀ ಹಲಗೆಯ ಉಕುಲೇಲೆಗೆ ಇಂದಿಗೂ ದೊಡ್ಡ ಬೆಲೆ. ಲ್ಯಾಮಿನೇಟಿನಲ್ಲಿ ತೆಳು ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿರುತ್ತಾರೆ. ಹಲಗೆ ಗಟ್ಟಿಯಾಗುತ್ತದೆ, ಆದರೆ ಅಷ್ಟು ಸುಲಭವಾಗಿ ಕಂಪಿಸುವುದಿಲ್ಲ. ನೈಲಾನ್ ತಂತಿಯ ಬಿಗಿತವೇ ಕಡಿಮೆ. ಅಷ್ಟು ಸಣ್ಣ ಬಲಕ್ಕೆ ಅಲುಗಾಡಬೇಕಾದರೆ ಮೇಲಿನ ಹಲಗೆ ತೆಳುವಾಗಿ, ಹಗುರವಾಗಿ ಇರಬೇಕು. ಅನುರಣನದ ಪಾಠ ಓದಿದವರಿಗೆ ಇದು ಅರ್ಥವಾಗುತ್ತದೆ.

ಆದರೂ ಕಿವಿಯಿಂದ ಕೇಳಿಯೇ ನೋಡೋಣ ಎನಿಸಿತು. ಗೆಳೆಯನ ಅಕ್ಕನ ಬಳಿ ಸಾಲಿಡ್ ಮಹೋಗನಿಯದ್ದಿತ್ತು, ಅಳತೆ ನನ್ನದರಷ್ಟೇ. ಎರಡಕ್ಕೂ ಒಂದೇ ಬಗೆಯ ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಗೆಳೆಯನನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ಒಂದೊಂದೇ ತಂತಿ ಮೀಟಿದಾಗ ಅವನು ತಪ್ಪಲೇ ಇಲ್ಲ. ಸಾಲಿಡ್‌ನ ನಾದ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ, ದನಿಯೊಳಗೆ ದನಿ ಇದ್ದಂತೆ ಕೇಳುತ್ತದೆ. ನನ್ನದು ಟಣ್ ಎಂದು ಬೇಗ ಮುಗಿಯುತ್ತದೆ. ಆದರೆ ಹಾಡಿನ ಜೊತೆ ಕಾರ್ಡ್ ಬಾರಿಸತೊಡಗಿದ ಮೇಲೆ ಅವನ ಉತ್ತರಗಳು ಬರೀ ಊಹೆ. ನನ್ನದನ್ನೇ ಎರಡು ಸಲ ಸಾಲಿಡ್ ಎಂದ! ಹಳೆ ತಂತಿ ತೆಗೆದು ಹೊಸದು ಹಾಕಿದಾಗ ಬಂದ ವ್ಯತ್ಯಾಸ ಮರದ ವ್ಯತ್ಯಾಸಕ್ಕಿಂತ ದೊಡ್ಡದಿತ್ತು ಎಂಬುದನ್ನೂ ಹೇಳಬೇಕು.

ಇನ್ನು ನಮ್ಮ ಕರಾವಳಿಯ ಮಳೆ. ಜೂನ್ ಬಂತೆಂದರೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಊರಿದು. ಸಾಲಿಡ್ ಹಲಗೆಯೂ ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಬಿರಿಯುತ್ತದೆ. ಆ ಅಕ್ಕ ಅದನ್ನು ಪೆಟ್ಟಿಗೆಯಿಂದ ತೆಗೆಯಲೂ ಹೆದರುತ್ತಾರೆ. ನನ್ನದು ಬ್ಯಾಗಿನ ಜೊತೆ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತದೆ.

ಮಾರಿಯೊ ಮಕ್ಕಾಫೆರಿ ವಿನ್ಯಾಸ ಮಾಡಿ 1932ರಲ್ಲಿ ಬಂದ ಸೆಲ್ಮರ್ ಗಿಟಾರುಗಳ ಹಿಂಬದಿ ಮತ್ತು ಬದಿಯ ಹಲಗೆಗಳು ಲ್ಯಾಮಿನೇಟ್. ಜಾಂಗೊ ರೈನ್‌ಹಾರ್ಟ್ ನುಡಿಸಿದ್ದು ಅವನ್ನೇ. ಮೇಲಿನ ಹಲಗೆ ಮಾತ್ರ ಸಾಲಿಡ್. ಮುಂದೊಂದು ದಿನ ಕೊಳ್ಳುವುದಾದರೆ ನನಗೂ ಅಂಥದ್ದೇ ಸಾಕು. ಅಂಗಡಿಯವನ ಮಾತು ನಂಬಬೇಕಿಲ್ಲ, ನಾದರಂಧ್ರದ ಅಂಚನ್ನು ನೋಡಿದರಾಯಿತು. ಮೇಲಿನ ಎಳೆ ಒಳಗಿನವರೆಗೂ ಮುಂದುವರಿದಿದ್ದರೆ ಸಾಲಿಡ್, ಪದರ ಪದರ ಕಂಡರೆ ಲ್ಯಾಮಿನೇಟ್.

ಹೊಸದಾಗಿ ಕಲಿಯುವ ತಮ್ಮ ತಂಗಿಯರ ವಾದ್ಯವನ್ನು ದಯವಿಟ್ಟು ಡಬ್ಬ ಎನ್ನಬೇಡಿ. ಅದರ ಹಿಂದೆ ಯಾರ ಲೆಕ್ಕದ ಪುಸ್ತಕ ಇದೆಯೋ ನಮಗೆ ಗೊತ್ತಿರುವುದಿಲ್ಲ. ಅಬ್ಬನಿಗೆ ಹೊಸದು ಬೇಡ ಎಂದು ಹೇಳಿದ್ದೇನೆ. ಈ ಸಲದ ಪ್ರತಿಭಾ ದಿನಕ್ಕೆ ಹೆಸರನ್ನೂ ಕೊಟ್ಟಿದ್ದೇನೆ.