ಮೊದಲು ನೊಗ ನೋಡು

ಆಟವೆಂದೊಡನೆ ನಮ್ಮ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಅದೂ ಲ್ಯಾಪ್‌ಟಾಪಿನ ಆಟವೆಂದರೆ ವಿದ್ಯಾರ್ಥಿಯು ಕೆಟ್ಟನೆಂದೇ ತೀರ್ಮಾನ. ಅವರ ಕಾಳಜಿಯನ್ನು ನಾನು ಅಲ್ಲಗಳೆಯಲಾರೆ. ಆದರೂ ಯಂತ್ರದ ಒಳಗುಟ್ಟನ್ನು ನನಗೆ ಕಲಿಸಿದ್ದು ಆಟವೇ ಎಂದು ವಿನಯಪೂರ್ವಕವಾಗಿ ಹೇಳಬಯಸುತ್ತೇನೆ.

ನಾನು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯವನು. ಹೆದ್ದಾರಿಯ ಪ್ರಯಾಣಿಕರು ನಮ್ಮೂರನ್ನು ಉತ್ಸವ ರಾಕ್ ಗಾರ್ಡನ್ನಿನಿಂದ ಗುರುತಿಸುತ್ತಾರೆ. 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇಲ್ಲಿಯೇ ಇದೆ. ಹಳ್ಳಿಯ ಬದುಕನ್ನೇ ಶಿಲ್ಪವಾಗಿಸಿ ನಿಲ್ಲಿಸಿದ ಊರಿನವನಿಗೆ ಆಟವು ಕೀಳೆಂದು ಹೇಗೆ ತೋರೀತು? ಚೌಕಾಬಾರ, ಹುಲಿಕಟ್ಟುಗಳನ್ನು ನಮ್ಮ ಅಜ್ಜಂದಿರೂ ಆಡಿದವರೇ.

ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಗೋವಿನಜೋಳ ಮಾರಿದ ಹಣದಲ್ಲಿ ತಂದೆಯವರು ಹಳೆಯದೊಂದು ಲ್ಯಾಪ್‌ಟಾಪು ಕೊಡಿಸಿದರು: 4 ಜಿಬಿ ರ್‍ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಆಟ ತೆರೆದರೆ ಚಿತ್ರವು ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿತ್ತು. ವೇಗ ಹೆಚ್ಚಿಸುವೆನೆಂಬ ಬಿಟ್ಟಿ ತಂತ್ರಾಂಶವೊಂದನ್ನು ಹಾಕಿದೆ. ವೇಗವು ಬರಲಿಲ್ಲ, ಜಾಹೀರಾತುಗಳು ಮಾತ್ರ ಬಂದವು. ಹೊಸದೇ ಬೇಕೆಂದು ಹಟ ಹಿಡಿದೆ. ಅದೇ ತಿಂಗಳು ತಂಗಿಯ ಪಿಯುಸಿ ಶುಲ್ಕವನ್ನೂ ಕಟ್ಟಬೇಕಿತ್ತು. ತಂದೆಯವರು ಸಿಟ್ಟಾಗಲಿಲ್ಲ. "ಎತ್ತು ನಡೀಲಿಲ್ಲಂದ್ರ ಬಾರಕೋಲು ಆಮ್ಯಾಲ, ಮೊದಲ ನೊಗ ಎಲ್ಲಿ ಒತ್ತತೈತಿ ನೋಡು" ಎಂದರು.

ನಾನು ನೊಗವನ್ನು ನೋಡತೊಡಗಿದೆ. ಟಾಸ್ಕ್ ಮ್ಯಾನೇಜರನ್ನು ತೆರೆದಾಗ, ಆಟಕ್ಕೆ ಮೊದಲೇ ರ್‍ಯಾಮಿನ ಬಹುಭಾಗ ತುಂಬಿತ್ತು. ಯಂತ್ರ ಚಾಲೂ ಆದೊಡನೆ ತಾವಾಗಿಯೇ ಏಳುವ ತಂತ್ರಾಂಶಗಳನ್ನು ನಿಲ್ಲಿಸಿದೆ, ಬ್ರೌಸರನ್ನು ಮುಚ್ಚಿದೆ, ಚಾರ್ಜರ್ ಸಿಕ್ಕಿಸಿಯೇ ಆಡಿದೆ, ಏಕೆಂದರೆ ಬ್ಯಾಟರಿಯ ಮೇಲೆ ಯಂತ್ರವು ಶಕ್ತಿಯುಳಿಸಲು ನಿಧಾನವಾಗುತ್ತದೆ. ಆಟದ ಚಿತ್ರದಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿದೆ. ಮೊದಲನೆಯದರಲ್ಲಿ 20,73,600 ಚುಕ್ಕೆಗಳು, ಎರಡನೆಯದರಲ್ಲಿ 9,21,600. ಎಂದರೆ ಅರ್ಧಕ್ಕಿಂತಲೂ ಕಡಿಮೆ ದುಡಿಮೆ. ಇದಾವುದಕ್ಕೂ ಒಂದು ಕಾಸು ಖರ್ಚಾಗಲಿಲ್ಲ.

ಹತ್ತು ನಿಮಿಷ ಆಡಿದ ಮೇಲೆ ವೇಗವು ಕುಸಿಯುತ್ತಿದ್ದುದಕ್ಕೆ ಕಾರಣ ಕಾವು. ಕಾವು ಮೀರಿದರೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಫ್ಯಾನಿನೊಳಗೆ ಕೂತಿದ್ದ ನಮ್ಮ ಹೊಲದ ಧೂಳನ್ನು ತೆಗೆಸಿದೆ. ಹಾಸಿಗೆಯ ಮೇಲಿಟ್ಟು ಆಡುವ ಚಾಳಿಯನ್ನೂ ಬಿಟ್ಟೆ.

ಕೊನೆಗೆ, ರಜೆಯ ಕೂಲಿಯ ಹಣದಿಂದ ಇನ್ನೊಂದು 4 ಜಿಬಿ ರ್‍ಯಾಮ್ ಹಾಕಿಸಿದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಅಗ್ಗದ ಯಂತ್ರಗಳಲ್ಲಿ ಚಿತ್ರದ ಕೆಲಸಕ್ಕೂ ಈ ರ್‍ಯಾಮೇ ಆಧಾರ. ಎರಡು ತುಂಡುಗಳು ಜೋಡಿಯಾಗಿ ಕೂತರೆ ದತ್ತಾಂಶ ಸಾಗಲು ಎರಡು ದಾರಿ ತೆರೆಯುತ್ತವೆ, ಜೋಡೆತ್ತಿನ ಗಾಡಿಯಂತೆ. ಕೆಲವು ಯಂತ್ರಗಳಲ್ಲಿ ರ್‍ಯಾಮನ್ನು ಬೆಸೆದಿರುತ್ತಾರಾದ್ದರಿಂದ, ಕೊಳ್ಳುವ ಮುನ್ನ ಖಾಲಿ ಜಾಗವಿದೆಯೇ ಎಂದು ವಿಚಾರಿಸಬೇಕು. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರವೂ ಆಟವೂ ಬೇಗ ತೆರೆಯುತ್ತವೆ. ಆದರೆ ಆಟದೊಳಗಿನ ಚಿತ್ರದ ಓಟ ಅದರಿಂದ ಹೆಚ್ಚೇನೂ ಏರದು.

ಇಷ್ಟು ಮಾಡಿದರೂ ಹೊಸ ಭಾರಿ ಆಟಗಳು ನನ್ನ ಯಂತ್ರದಲ್ಲಿ ಓಡವು. ಎತ್ತಿಗೆ ಆನೆಯ ಭಾರ ಹೊರಿಸುವುದು ಜಾಣತನವಲ್ಲ. ಆಟದ ಹೊತ್ತಿಗೂ ಒಂದು ಮಿತಿ ಬೇಕು. ಪರೀಕ್ಷೆಯ ತಿಂಗಳಲ್ಲಿ ನಾನದನ್ನು ಮೀರಿ ಪಶ್ಚಾತ್ತಾಪಪಟ್ಟದ್ದೂ ಉಂಟು.

ಸಹಪಾಠಿಗಳೇ, ಮನೆಯವರ ಮುಂದೆ ಹೊಸ ಯಂತ್ರಕ್ಕೆ ಕೈಯೊಡ್ಡುವ ಮುನ್ನ ಇದ್ದ ಯಂತ್ರವು ಎಲ್ಲಿ ತಡವರಿಸುತ್ತಿದೆ ಎಂದು ನೋಡಿರಿ. ಗುರುಗಳೇ, "ಆಡಬೇಡ" ಎನ್ನುವುದರ ಜೊತೆಗೆ "ಅದೇಕೆ ನಿಧಾನವಾಯಿತು, ಹೇಳು" ಎಂದೂ ಒಮ್ಮೆ ಕೇಳಿರಿ. ಆ ಪ್ರಶ್ನೆಗೆ ಉತ್ತರ ಹುಡುಕುವವನು ಆಟದ ಜೊತೆಗೆ ವಿದ್ಯೆಯನ್ನೂ ಕಲಿಯುತ್ತಾನೆ. ತಂಗಿಯ ಶುಲ್ಕ ಆ ತಿಂಗಳೇ ಕಟ್ಟಿತು. ಈಗ ಅವಳು ಅದೇ ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದಾಳೆ; ನಾನು ಆಡಲು ನನ್ನ ಸರದಿಗಾಗಿ ಕಾಯುತ್ತಿದ್ದೇನೆ.