ಕಬ್ಬಿನ ಹಾಲಿನಲ್ಲಿ ವಿಮಾನ ಹಾರದು

ಮಂಡ್ಯದ ಕಬ್ಬಿನಿಂದ ಎಥನಾಲ್, ಅದರಿಂದ ವಿಮಾನ ಇಂಧನ ತಯಾರಿಸಿ ಯುರೋಪಿಗೆ ಮಾರಿದರೆ ರೈತನೂ ಉಳಿಯುತ್ತಾನೆ, ಹೊಗೆಯೂ ತಗ್ಗುತ್ತದೆ ಎಂಬುದು ಮೊನ್ನೆ ಅಚ್ಚಾದ ಲೇಖನದ ವಾದ. ರೈತನ ಮೇಲಿನ ಕಾಳಜಿ ಒಪ್ಪತಕ್ಕದ್ದೇ. ಲೆಕ್ಕ ಮಾತ್ರ ತಪ್ಪು.

ವಿಮಾನ ಇಂಧನದಲ್ಲಿ ಸುಸ್ಥಿರ ಇಂಧನದ ಪಾಲು 2025ರಿಂದ ಶೇ 2, 2030ರಿಂದ ಶೇ 6 ಇರಬೇಕೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ, ನಿಜ. ಆದರೆ ಆಹಾರ, ಮೇವಿನ ಬೆಳೆಗಳಿಂದ ತೆಗೆದ ಇಂಧನ ಆ ಪಾಲಿಗೆ ಸೇರುವುದೇ ಇಲ್ಲ. ಕಬ್ಬಿನ ಹಾಲಿಗೆ ಅಲ್ಲಿ ಬಾಗಿಲು ಮುಚ್ಚಿದೆ. ಇಷ್ಟು ದೊಡ್ಡ ಸಂಗತಿಯನ್ನು ಲೇಖಕರು ಬಿಟ್ಟದ್ದು ಸರಿಯಲ್ಲ.

ಕಬ್ಬು ಬೇಡುವ ನೀರಿನ ಬಗ್ಗೆಯೂ ಲೇಖನದಲ್ಲಿ ಒಂದು ಸಾಲಿಲ್ಲ. 2023ರಲ್ಲಿ ಕೆಆರ್‌ಎಸ್ ಜಲಾಶಯ ತುಂಬಲಿಲ್ಲ. ಮಂಡ್ಯ, ಮದ್ದೂರಿನ ರೈತರು ಕಾವೇರಿಗಾಗಿ ಬೀದಿಗಿಳಿದರು.

ಹಾಲಿಲ್ಲದಿದ್ದರೆ ಇಂಧನಕ್ಕೆ ಕಬ್ಬಿನ ಸಿಪ್ಪೆಯಿದೆಯಲ್ಲ ಎನ್ನುವವರು ಸೋಮನಹಳ್ಳಿ ಸೀಮೆಯ ಆಲೆಮನೆಗೆ ಬರಲಿ. ಗಾಣದಿಂದ ಬಿದ್ದ ಸಿಪ್ಪೆ ಅಂಗಳದಲ್ಲಿ ಒಣಗಿ, ಕೊಪ್ಪರಿಗೆಯಡಿಯ ಒಲೆಗೇ ಹೋಗುತ್ತದೆ. ಕಾರ್ಖಾನೆಗಳಲ್ಲಿ ಅದು ಬಾಯ್ಲರಿನ ಪಾಲು. ಉಳಿಯುವುದು ಕಟಾವಾದ ಮೇಲೆ ಗದ್ದೆಯಲ್ಲೇ ಬೆಂಕಿಗೆ ಬೀಳುವ ತರಗು. ಅದರಲ್ಲಿ ಮಣ್ಣಿಗೆಷ್ಟು ಬಿಡಬೇಕು, ಇಂಧನಕ್ಕೆಷ್ಟು ಒಯ್ಯಬಹುದು, ರೈತನಿಗೆ ಟನ್ನಿಗೆಷ್ಟು ಸಿಗಬೇಕು? ಸಂಶೋಧನೆ ಬೇಕಿರುವುದು ಇಲ್ಲಿ. ಸರ್ಕಾರ ಮೊದಲು ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೆ ಇದಕ್ಕಾಗಿ ಹಣ ಕೊಡಲಿ. ಅಲ್ಲಿಯವರೆಗೆ ವಿಮಾನದ ಹೆಸರಿನಲ್ಲಿ ಇನ್ನಷ್ಟು ಕಬ್ಬು ನೆಡಿರೆಂದು ಯಾರೂ ರೈತರಿಗೆ ಹೇಳಬಾರದು.